ಮಗುವಿಗೆ ಮನೋವೈದ್ಯರು ಗುಳಿಗೆ ಬರೆದಾಗ: ಕೈ ಬಿಗಿ ಇರುವ ಮನೆಯವರಿಗೆ

ಡಾಕ್ಟರ ಮುಂದೆ ಕೂತಾಗ ಮಗುವಿನ ಹಟ, ನಿದ್ದೆ, ಶಾಲೆಯ ದೂರು ಎಲ್ಲವೂ ಬಾಯಿಗೆ ಬರುತ್ತದೆ, ಮನೆಯ ಸಂಪಾದನೆ ಮಾತ್ರ ಬರುವುದಿಲ್ಲ. ಚೀಟಿ ಬರೆಯುವ ಮೊದಲೇ ಅದನ್ನು ಹೇಳಿಬಿಡಿ: "ದಿನಗೂಲಿ ಮನೆ ಸಾರ್, ತಿಂಗಳಿಗೆ ಔಷಧಕ್ಕೆ ಇಷ್ಟೇ ಹೊಂದಿಸೋಕಾಗೋದು, ಹದಿನೈದು ದಿನಕ್ಕೊಂದು ಸಲ ಮೊಳಕಾಲ್ಮೂರಿಂದ ಬರೋಕಾಗಲ್ಲ." ಯಾವ ಗುಳಿಗೆ, ಎಷ್ಟು ದಿನದ್ದು, ಮುಂದಿನ ಸಲ ಎಲ್ಲಿ ತೋರಿಸಬೇಕು ಎಂಬುದೆಲ್ಲ ಈ ಒಂದು ಮಾತಿನಿಂದ ಬದಲಾಗಬಹುದು.

ಸಂಪಾದನೆಗೂ ಗುಳಿಗೆಗೂ ನಂಟಿರುವುದು ಹೊಸ ವಿಷಯವಲ್ಲ. ಅಮೆರಿಕದ 2004ರ ಲೆಕ್ಕ ನೋಡಿದರೆ, ಬಡವರ ಸರ್ಕಾರಿ ವಿಮೆ ಮೆಡಿಕೇಯ್ಡ್‌ನಲ್ಲಿದ್ದ ಮಕ್ಕಳಿಗೆ ಆಂಟಿಸೈಕಾಟಿಕ್ (ಭ್ರಮೆ, ತೀವ್ರ ಉದ್ರೇಕ ತಗ್ಗಿಸುವ) ಗುಳಿಗೆ ಬರೆದದ್ದು ಖಾಸಗಿ ವಿಮೆಯ ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಬಡ ಮಕ್ಕಳ ಕಷ್ಟವೇ ಹೆಚ್ಚು ಎನ್ನುವುದು ಒಂದು ಕಾರಣ ಇರಬಹುದು. ಕೂತು ಮಾತಾಡುವ ಚಿಕಿತ್ಸೆ ಸಿಗದ ಕಡೆ ಗುಳಿಗೆಯೇ ಹತ್ತಿರದ ದಾರಿಯಾಗುವುದು ಇನ್ನೊಂದು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಪೆಟ್ಟು ಎರಡು ಥರ: ಎಷ್ಟೋ ಮಕ್ಕಳು ಆಸ್ಪತ್ರೆ ಮೆಟ್ಟಿಲೇ ಹತ್ತುವುದಿಲ್ಲ, ಹತ್ತಿದವರಲ್ಲೂ ಹಲವರು ಗುಳಿಗೆಯಷ್ಟನ್ನೇ ಹಿಡಿದು ವಾಪಸಾಗುತ್ತಾರೆ.

ಹಾಗಾಗಿ "ಗುಳಿಗೆ ಜೊತೆ ಇನ್ನೇನು ಮಾಡಬೇಕು?" ಎಂದು ಕೇಳಲೇಬೇಕು. ಆರು ವರ್ಷದೊಳಗಿನ ಮಗುವಿನ ಅತಿ ಚಟುವಟಿಕೆಗೆ ಮೊದಲ ಚಿಕಿತ್ಸೆ ತಂದೆತಾಯಿಗೆ ಕೊಡುವ ತರಬೇತಿ, ಔಷಧವಲ್ಲ. ಹದಿಹರೆಯದವರ ಸೌಮ್ಯ ಖಿನ್ನತೆಗೂ ಮೊದಲು ಆಪ್ತಸಮಾಲೋಚನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರಷ್ಟೇ ಅಲ್ಲದೆ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರ ಹುದ್ದೆಯೂ ಇರುತ್ತದೆ. ಅವರು ಕೂರುವ ಕೋಣೆ ಯಾವುದು, ಯಾವ ದಿನ ಸಿಗುತ್ತಾರೆ ಎಂದು ಓಪಿಡಿಯಲ್ಲೇ ವಿಚಾರಿಸಿಕೊಳ್ಳಿ.

ಇದಕ್ಕೆ ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಜಗಳೂರು, ಚನ್ನಗಿರಿ, ಹೊಸದುರ್ಗ, ಚಳ್ಳಕೆರೆ ಕಡೆಯವರು ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಚಿಕಿತ್ಸೆಯ ಕ್ಲಿನಿಕ್ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬೇಕು. ಯಾವ ಮಂಗಳವಾರ ನಿಮ್ಮ ತಾಲ್ಲೂಕಿನ ಸರದಿ ಎಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಪೂರ್ತಿ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ ಉಚಿತವೇ. ಕಾಯ್ದೆಯ 18ನೇ ಕಲಮು ಇದನ್ನು ಬಿಡಿಸಿ ಹೇಳಿದೆ. ಅಗತ್ಯ ಔಷಧ ಪಟ್ಟಿಯಲ್ಲಿರುವ ಗುಳಿಗೆಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲೂ ಉಚಿತವಾಗಿ ಕೊಡಬೇಕು. "ಸ್ಟಾಕ್ ಇಲ್ಲ" ಎಂದರೆ ಹಾಗಂತ ಚೀಟಿಯ ಮೇಲೆ ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ. ಚೀಟಿಯಲ್ಲಿ ಕಂಪನಿಯ ಹೆಸರಿಗಿಂತ ಔಷಧದ ಮೂಲ ಹೆಸರು (ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್, ಆಂಟಿಸೈಕಾಟಿಕ್ ಗುಂಪಿನ ರಿಸ್ಪೆರಿಡೋನ್, ಹೀಗೆ) ದೊಡ್ಡಕ್ಷರದಲ್ಲಿ ಇದ್ದರೆ ಅಲ್ಲಿ ಕೆಲಸ ಸಲೀಸು. ಆಯುಷ್ಮಾನ್ ಕಾರ್ಡನ್ನು ನಂಬಿ ಕೂರಬೇಡಿ, ಅದು ಮುಖ್ಯವಾಗಿ ಅಡ್ಮಿಟ್ ಆದವರಿಗೆ. ಮೀಥೈಲ್‌ಫೆನಿಡೇಟ್ (ಅತಿ ಚಟುವಟಿಕೆಗೆ ಕೊಡುವ ಔಷಧ) ಬರೆದಿದ್ದರೆ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಅದು ಸಿಗದು, ಎಲ್ಲಿ ಸಿಗುತ್ತದೆ ಎಂದು ಡಾಕ್ಟರನ್ನೇ ಕೇಳಿ.

ಹೆಚ್ಚು ಎಡವುವುದು ಅಳತೆಯಲ್ಲಿ. ರಿಸ್ಪೆರಿಡೋನ್ ದ್ರಾವಣ ಸಾಮಾನ್ಯವಾಗಿ 1 ಮಿ.ಲೀ.ಗೆ 1 ಮಿ.ಗ್ರಾಂ. ಡಾಕ್ಟರು 0.5 ಮಿ.ಲೀ. ಎಂದಿದ್ದನ್ನು ಮನೆಯ ಟೀ ಚಮಚದಲ್ಲಿ ಕೊಟ್ಟರೆ ಸುಮಾರು 5 ಮಿ.ಲೀ. ಆಗುತ್ತದೆ, ಅಂದರೆ ಹತ್ತು ಪಟ್ಟು. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜ್ ಕೇಳಿ ತಗೊಳ್ಳಿ, ಎಲ್ಲಿಯವರೆಗೆ ಎಳೆಯಬೇಕೆಂದು ಪೆನ್ನಿನಲ್ಲಿ ಗೆರೆ ಹಾಕಿಸಿಕೊಳ್ಳಿ. ದುಡ್ಡು ಉಳಿಸಲು ದೊಡ್ಡ ಗುಳಿಗೆ ತಂದು ಬ್ಲೇಡಿನಲ್ಲಿ ಕಾಲು ಮಾಡುವವರಿದ್ದಾರೆ. ನಾಲ್ಕು ಚೂರು ಎಂದೂ ಸಮ ಬರುವುದಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಯನ್ನಂತೂ ಮುರಿಯಲೂಬಾರದು, ಪುಡಿ ಮಾಡಲೂಬಾರದು.

ರಿಸ್ಪೆರಿಡೋನ್ ಹಸಿವು ಹೆಚ್ಚಿಸುತ್ತದೆ. ಮಗು ಮೈ ತುಂಬಿಕೊಂಡಿತು ಎಂದು ಹಿಗ್ಗಬೇಡಿ. ಶಾಲೆಯಲ್ಲೋ ಅಂಗನವಾಡಿಯಲ್ಲೋ ತಿಂಗಳಿಗೊಮ್ಮೆ ತೂಕ ಹಾಕಿಸಿ ಚೀಟಿಯ ಹಿಂದೆ ಬರೆದಿಡಿ. ಮೀಥೈಲ್‌ಫೆನಿಡೇಟ್ ಇದಕ್ಕೆ ತದ್ವಿರುದ್ಧ, ಮಧ್ಯಾಹ್ನದ ಬಿಸಿಯೂಟ ತಟ್ಟೆಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿ ಆಮೇಲೆ ಗುಳಿಗೆ ಕೊಡಿ, ಸಂಜೆ ಅದರ ಬಲ ಇಳಿದ ಮೇಲೆ ಮುದ್ದೆಯೋ ರೊಟ್ಟಿಯೋ ಗಟ್ಟಿಯಾಗಿ ಹಾಕಿ.

ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಥರದ ಆಂಟಿಸೈಕಾಟಿಕ್ ಗುಳಿಗೆ ಶುರುವಾದ ಕೆಲ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ ಅದು ಗಾಳಿ ಸೋಕಿದ್ದಲ್ಲ, ಗುಳಿಗೆಯ ಅಡ್ಡಪರಿಣಾಮ. ಮಂತ್ರಿಸಲು ಹೋಗಿ ಹೊತ್ತು ಕಳೆಯದೆ ಹತ್ತಿರದ ಆಸ್ಪತ್ರೆಗೆ ಓಡಿ, ಗುಳಿಗೆಯ ಪಟ್ಟಿಯೂ ಜೊತೆಗಿರಲಿ. ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಖಿನ್ನತೆಯ ಗುಳಿಗೆ ಶುರು ಮಾಡಿದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗಲೂ, ಮಗುವಿಗೆ ಸಾಯುವ ಯೋಚನೆ ಹೆಚ್ಚಬಹುದು. ಚಡಪಡಿಕೆ, ನಿದ್ದೆಗೇಡು, ವಿದಾಯದಂಥ ಮಾತು ಕಂಡರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಗುಳಿಗೆಯ ಪೆಟ್ಟಿಗೆಯೂ ಹೊಲಕ್ಕೆ ಹೊಡೆಯುವ ಕೀಟನಾಶಕವೂ ಬೀಗದೊಳಗಿರಲಿ.

ನಮ್ಮ ಜಿಲ್ಲೆಗಳಲ್ಲಿ ಗುಳಿಗೆ ನಿಲ್ಲುವುದಕ್ಕೂ ಒಂದು ಕಾಲವಿದೆ: ಬಿತ್ತನೆಗೆ ದುಡ್ಡು ಸುರಿದು ಶೇಂಗಾ, ಮೆಕ್ಕೆಜೋಳ ಕೈಗೆ ಬರುವವರೆಗಿನ ತಿಂಗಳುಗಳು. ಕ್ಲೊನಾಜೆಪಾಮ್, ವ್ಯಾಲ್‌ಪ್ರೊಯೇಟ್ ಒಮ್ಮೆಗೇ ನಿಂತರೆ ಫಿಟ್ಸ್ ಬರಬಹುದು. ಕ್ಲೊನಿಡಿನ್ ನಿಂತರೆ ರಕ್ತದೊತ್ತಡ ಜಿಗಿಯುತ್ತದೆ. ಮುಂದಿನ ತಿಂಗಳು ಹೊಂದುವುದಿಲ್ಲ ಎನ್ನಿಸಿದರೆ ಒಂದು ವಾರದ ಗುಳಿಗೆ ಉಳಿದಿರುವಾಗಲೇ ಆಸ್ಪತ್ರೆಗೆ ಹೋಗಿ, ಹಂತಹಂತವಾಗಿ ಇಳಿಸುವುದೋ ಅಗ್ಗದ್ದಕ್ಕೆ ಬದಲಿಸುವುದೋ ಅವರು ಹೇಳುತ್ತಾರೆ. ಕಾಫಿ ತೋಟಕ್ಕೋ ಬೆಂಗಳೂರಿಗೋ ಗುಳೆ ಹೋಗುವವರು ಚೀಟಿಯ ಫೋಟೊ ಮೊಬೈಲ್‌ನಲ್ಲಿಟ್ಟುಕೊಂಡಿರಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು. ಊರಿನಿಂದ ಹೊರಡುವುದೇ ಆಗದ ದಿನ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.