ಎಂಆರ್‌ಗೆ ಲೆಕ್ಕ ಕೊಡಿ, ಹೆಸರು ಬೇಡ: ನನ್ನ ಮೆಡಿಕಲ್ ಅಂಗಡಿಯ ಅನುಭವ

ಎಂಆರ್‌ಗಳಿಗೆ, ಅಂದರೆ ಔಷಧಿ ಕಂಪನಿಯ ಪ್ರತಿನಿಧಿಗಳಿಗೆ, ಡಾಕ್ಟರ್ ಚೀಟಿ ತೋರಿಸದೆ ಬಾಗಲಕೋಟೆಯಲ್ಲಿ ಮೆಡಿಕಲ್ ನಡೆಸೋಕೆ ಆಗಲ್ಲ ಅಂತ ನಮ್ಮ ಲೈನಿನವರೆಲ್ಲ ಹೇಳುತ್ತಿದ್ದರು. ಕಂಪನಿಯ ಫ್ರೀ ಸ್ಕೀಮ್ ನಿಲ್ಲುತ್ತೆ, ಎಕ್ಸ್‌ಪೈರಿ ಮಾಲು ಅಂಗಡಿಯಲ್ಲೇ ಕೊಳೆಯುತ್ತೆ, ಹೊಸ ಬ್ರ್ಯಾಂಡ್ ಬಂದಿದ್ದೂ ಗೊತ್ತಾಗಲ್ಲ ಅಂತ. ನಾನು ಚೀಟಿ ತೋರಿಸೋದು ನಿಲ್ಲಿಸಿ ಹತ್ತಿರ ಹತ್ತಿರ ಮೂರು ವರ್ಷ ಆಯಿತು. ನವನಗರದ ನನ್ನ ಅಂಗಡಿ ಚೆನ್ನಾಗೇ ನಡೆದಿದೆ. ಅವತ್ತು ನಕ್ಕವರಲ್ಲಿ ಒಂದಿಬ್ಬರು ಈಗ ಬಂದು, ಎಂಆರ್‌ಗೆ ಕೊಡುವ ವಾರದ ಲೆಕ್ಕದ ಹಾಳೆ ಹೇಗೆ ತೆಗೀತೀರಿ ಅಂತ ಕೇಳಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆರ್‌ಸಿಪಿಎ, ಅಂದರೆ ಅಂಗಡಿಯಲ್ಲಿ ಡಾಕ್ಟರ್ ಚೀಟಿಗಳ ಲೆಕ್ಕ ತೆಗೆಯೋದು, ಏನು ಅಂತ ನಮ್ಮ ಲೈನಿನವರಿಗೆ ಹೇಳಬೇಕಾಗಿಲ್ಲ. ಗದ್ದಲ ಕಡಿಮೆಯಾದ ಹೊತ್ತಿಗೆ ಎಂಆರ್ ಬರುತ್ತಾನೆ, ಬಿಲ್ಲಿನ ಕಟ್ಟು ತಿರುವುತ್ತಾನೆ, ಯಾವ ಡಾಕ್ಟರ್ ಯಾರ ಬ್ರ್ಯಾಂಡ್ ಬರೆದರು ಅಂತ ಡೈರಿಗೆ ಹಾಕಿಕೊಳ್ಳುತ್ತಾನೆ. ಡೈರಿ ಇದ್ದ ಕಾಲಕ್ಕೆ ಡಾಕ್ಟರ್ ಹೆಸರು, ಬ್ರ್ಯಾಂಡ್ ಹೆಸರು ಅಷ್ಟೇ ಹೋಗುತ್ತಿತ್ತು. ಮೊಬೈಲ್ ಬಂದ ಮೇಲೆ ಇಡೀ ಚೀಟಿಯ ಫೋಟೊ. ಚೀಟಿಯಲ್ಲಿ ರೋಗಿಯ ಹೆಸರು, ವಯಸ್ಸು, ಊರು ಎಲ್ಲಾ ಇರುತ್ತೆ ಅಲ್ವಾ? ಎಷ್ಟೋ ಸಲ ಫೋನ್ ನಂಬರೂ ಇರುತ್ತೆ.

ಗದ್ದನಕೇರಿ ಕಡೆಯ ಹಳೆಯ ಗಿರಾಕಿ ಒಬ್ಬರು ಒಂದಿನ ಕೌಂಟರ್ ಮುಂದೆ ನಿಂತು ಸಣ್ಣ ದನಿಯಲ್ಲಿ ಕೇಳಿದರು: "ಸಾವಕಾರ್ರ, ನಾ ಇನ್ಸುಲಿನ್ ಚುಚ್ಚಿಕೊಳ್ಳೋದು ನನ್ನ ಅಳಿಯಗ ಗೊತ್ತಿಲ್ಲ. ಫೋನ್ ಮಾಡಿದ ಹುಡುಗಿಗೆ ಹೆಂಗ ಗೊತ್ತಾತ್ರಿ?" ಯಾವುದೋ ಶುಗರ್ ಕೇರ್ ಕಾರ್ಯಕ್ರಮದಿಂದ ಅಂತ ಹೇಳಿ ಫೋನ್ ಬಂದಿತ್ತಂತೆ. ಅವರ ಇನ್ಸುಲಿನ್ನಿನ ಬ್ರ್ಯಾಂಡ್ ಹೆಸರನ್ನೂ ಹೇಳಿದ್ದಳಂತೆ.

ಮೊದಲು ಮಾಡಿದ್ದು ಬೋರ್ಡು. "ಚೀಟಿಯ ಫೋಟೊ ತೆಗೆಯಬೇಡಿ." ಮುನ್ನೂರು ರೂಪಾಯಿಯ ಬೋರ್ಡು, ಮೂರು ಪೈಸೆಯ ಉಪಯೋಗ ಆಗಲಿಲ್ಲ. ನಾನು ಊಟಕ್ಕೆ ಹೋದ ಹೊತ್ತು ನೋಡಿ ಎಂಆರ್‌ಗಳು ಬಂದು, ಅಂಗಡಿಯ ಹುಡುಗನಿಗೆ ಚಹಾ ಕುಡಿಸಿ ಕೆಲಸ ಮುಗಿಸುತ್ತಿದ್ದರು. ಆಮೇಲೆ ಕೌಂಟರ್ ಮೇಲೆ ಪ್ಲೈವುಡ್ ಅಡ್ಡ ಹೊಡೆಸಿದೆ. ಆರು ಸಾವಿರದ ಮೇಲೆ ಹೋಯಿತು. ವಯಸ್ಸಾದವರಿಗೆ ನನ್ನ ಮುಖ ಕಾಣದಂತಾಗಿ, "ಒಳಗ ಯಾರದಾರ?" ಅಂತ ಕೂಗತೊಡಗಿದರು. ಕಿತ್ತು ಹಾಕಿದೆ. ನಮ್ಮ ಹತ್ತಿರ ಉಳಿಯುವ ಝೆರಾಕ್ಸ್ ಚೀಟಿಗಳ ಹೆಸರಿನ ಮೇಲೆ ಕಪ್ಪು ಮಾರ್ಕರ್ ಎಳೆದೂ ನೋಡಿದೆ. ಬೆಳಕಿಗೆ ಹಿಡಿದರೆ ಹೆಸರು ಸಲೀಸಾಗಿ ಓದಬಹುದು, ಕೆಳಗಿನ ಹಾಳೆಯ ಡೋಸ್ ಮೇಲೆ ಮಾತ್ರ ಮಸಿ.

ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಪೂರ್ತಿ ಬಾಗಿಲು ಹಾಕಿದ್ದು. ಯಾವ ಎಂಆರ್‌ಗೂ ಏನೂ ತೋರಿಸಲ್ಲ ಅಂದುಬಿಟ್ಟೆ. ಒಂದು ಮಳೆಗಾಲ ಪೂರ್ತಿ ಹಾಗೇ ಹೋಯಿತು. ಹತ್ತಕ್ಕೊಂದು ಫ್ರೀ ಸ್ಕೀಮು ಪಕ್ಕದ ಅಂಗಡಿಗೆ ಹೋಯಿತು. ಎಕ್ಸ್‌ಪೈರಿ ಪೆಟ್ಟಿಗೆ ಸಗಟು ಸ್ಟಾಕಿಸ್ಟ್ ಹತ್ತಿರ ಹೋಗೋದು, ವಾಪಸ್ ಬರೋದು. ಎಲ್ಲಾ ಸೇರಿ ನಲವತ್ತು ಸಾವಿರದ ಆಸುಪಾಸು ಹೊಡೆತ. ಸರಕಾರ ಬೆಲೆ ಕಟ್ಟಿದ ಶೆಡ್ಯೂಲ್ ಮಾಲಿನ ಮೇಲೆ ನಮಗೆ ಸಿಗೋ ಮಾರ್ಜಿನ್ನೇ ಶೇಕಡಾ 16. ಆ ನಲವತ್ತನ್ನು ಮತ್ತೆ ದುಡಿಯಲು ಎಷ್ಟು ವ್ಯಾಪಾರ ಆಗಬೇಕು ಅಂತ ನೀವೇ ಲೆಕ್ಕ ಹಾಕಿ.

ಆಗ ಕೂತು ಯೋಚನೆ ಮಾಡಿದೆ. ಎಂಆರ್‌ಗೆ ನಿಜವಾಗಿ ಬೇಕಾದದ್ದೇನು? ಅವನ ಮ್ಯಾನೇಜರ್ ಕೇಳೋದು ಅಂಕಿ. ಚೀಟಿಯಲ್ಲಿರುವ ಮಲ್ಲಮ್ಮ ಯಾರು, ಯಾವ ಊರು ಅನ್ನೋದು ಅವನಿಗೆ ಬೇಕಿಲ್ಲ. ಚೀಟಿ ತಿರುವಿದರೆ ಅಂಕಿಯ ಜೊತೆ ಮಲ್ಲಮ್ಮನೂ ಹೋಗುತ್ತಾಳೆ, ಅಷ್ಟೇ. ಹಾಗಾದರೆ ಅಂಕಿಯನ್ನು ನಾನೇ ಕೊಟ್ಟರೆ?

ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಬೇರೆ ಒಂದು ಯೂಸರ್ ಮಾಡಿದೆ. ಅದರಲ್ಲಿ ಬಿಲ್ ತೆರೆಯಲ್ಲ, ಗಿರಾಕಿ ಪಟ್ಟಿ ಕಾಣಲ್ಲ, ಮಾರಾಟದ ಒಟ್ಟು ಲೆಕ್ಕ ಮಾತ್ರ. ಶನಿವಾರ ಒಂದು ಹಾಳೆ ಪ್ರಿಂಟ್ ಆಗುತ್ತೆ. ಬಿಪಿಯ ಟೆಲ್ಮಿಸಾರ್ಟನ್ ಒಟ್ಟು ಇಷ್ಟು ಸ್ಟ್ರಿಪ್, ಅದರಲ್ಲಿ ನಿಮ್ಮ ಬ್ರ್ಯಾಂಡ್ ಇಷ್ಟು. ಶುಗರ್‌ನ ಮೆಟ್‌ಫಾರ್ಮಿನ್ ಒಟ್ಟು ಇಷ್ಟು, ನಿಮ್ಮದು ಇಷ್ಟು. ಕಟ್ಟು ತಿರುವಿ ಅರ್ಧಂಬರ್ಧ ಬರೆದುಕೊಳ್ಳುತ್ತಿದ್ದವರಿಗೆ ಇಡೀ ವಾರದ ಪಕ್ಕಾ ಲೆಕ್ಕ ಸಿಕ್ಕಿತು. ಮೊದಲ ತಿಂಗಳು ಮುಖ ಗಂಟು ಹಾಕಿದವರು ಆಮೇಲೆ ಶನಿವಾರ ಸಂಜೆ ತಾವಾಗಿಯೇ ಬರತೊಡಗಿದರು. ಸ್ಕೀಮುಗಳೂ ಒಂದೊಂದಾಗಿ ವಾಪಸ್ ಬಂದವು.

ಇಲ್ಲಿ ಒಂದು ಗಂಟಿದೆ, ಅದನ್ನು ಬಿಡಿಸಲು ನನಗೆ ಜಾಸ್ತಿ ಸಮಯ ಹಿಡಿಯಿತು. ಕೆಲವು ಮಾತ್ರೆಗಳನ್ನು ಊರಲ್ಲಿ ಒಬ್ಬರೇ ಒಯ್ಯುತ್ತಾರೆ. ಆ ವಾರ ಎರಡು ಸ್ಟ್ರಿಪ್ ಹೋಗಿದೆ ಅಂದರೆ ಅಂಕಿಯೇ ಹೆಸರು ಹೇಳಿದ ಹಾಗೆ. ಅದಕ್ಕೆ ಐದು ಸ್ಟ್ರಿಪ್‌ಗಿಂತ ಕಡಿಮೆ ಹೋದದ್ದನ್ನೆಲ್ಲ ಹಾಳೆಯಲ್ಲಿ "5ಕ್ಕಿಂತ ಕಡಿಮೆ" ಅಂತಷ್ಟೇ ಹಾಕುತ್ತೇನೆ. ಮನೋರೋಗದ ಔಷಧಿ, ಬಂಜೆತನದ ಔಷಧಿ ಹಾಳೆಗೇ ಬರಲ್ಲ. ಡಾಕ್ಟರ್ ಹೆಸರೂ ಇಲ್ಲ. ಅಮೆರಿಕದಲ್ಲಿ ರೋಗಿಯ ಹೆಸರು ತೆಗೆದು, ಡಾಕ್ಟರ್ ಹೆಸರು ಉಳಿಸಿ ಔಷಧಿ ಅಂಗಡಿಯ ಮಾಹಿತಿ ಮಾರುತ್ತಾರೆ. ಅದನ್ನು ತಡೆಯಲು ವರ್ಮಾಂಟ್ ರಾಜ್ಯ ಮಾಡಿದ್ದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲಿ ಹೊಡೆದು ಹಾಕಿತು. ಅವರ ದೊಡ್ಡ ಊರುಗಳಲ್ಲಿ ಅದು ನಡೆಯಬಹುದು. ನಮ್ಮಲ್ಲಿ ಡಾಕ್ಟರ್, ಔಷಧಿ, ಸಂತೆಯ ದಿನ ಮೂರೂ ಸೇರಿದರೆ ಮನೆ ನಂಬರ್ ಸಮೇತ ಹೇಳುವವರಿದ್ದಾರೆ. ಈ ಹಾಳೆಯಲ್ಲಿ ಇನ್ನೊಂದು ಸೆಟ್ಟಿಂಗ್ ಇದೆ. ಅದನ್ನು ಇಲ್ಲಿ ಬರೆಯಲ್ಲ, ಎಂಆರ್‌ಗಳೂ ಓದುತ್ತಾರೆ.

ಎಚ್‌1 ಪಟ್ಟಿಯ ಔಷಧಿ, ಅಂದರೆ ಕೆಲವು ಆಂಟಿಬಯೋಟಿಕ್, ನಿದ್ದೆ ಗುಳಿಗೆಯಂಥವು, ಮಾರಿದಾಗ ಬರೆಯುವ ರಿಜಿಸ್ಟರ್ ಮಾತು ಬೇರೆ. 2014ರಿಂದ ಅದರಲ್ಲಿ ರೋಗಿಯ ಹೆಸರು, ಡಾಕ್ಟರ್ ಹೆಸರು, ಔಷಧಿ, ಪ್ರಮಾಣ ಬರೆಯಲೇಬೇಕು, ಮೂರು ವರ್ಷ ಇಡಲೇಬೇಕು. ಅದರಲ್ಲಿ ಆಟ ಆಡಬೇಡಿ. ನನ್ನದು ಬೀಗದ ಡ್ರಾವರ್‌ನಲ್ಲಿ ಇರುತ್ತೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದರೆ ತೆಗೆಯುತ್ತೇನೆ. ಟಿಬಿ ಔಷಧಿ ಒಯ್ದವರ ಮಾಹಿತಿಯನ್ನು ಸರಕಾರಕ್ಕೆ ಕೊಡಬೇಕು ಅಂತ 2018ರಿಂದ ನಮಗೂ ನಿಯಮ ಇದೆ, ಅದನ್ನೂ ಕೊಡುತ್ತೇನೆ. ಅದು ರೋಗ ಹರಡದಿರಲಿ ಅಂತ. ಕಂಪನಿಗೆ ಕೊಡೋದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಇನ್ಸುಲಿನ್ ಗಿರಾಕಿಯ ನಂಬರ್ ಎಲ್ಲಿಂದ ಹೋಯಿತು ಅನ್ನೋದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಹಳೆಯ ಸಿಮ್ ಇತ್ತು. ಅದೇ ನಂಬರನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಲ್ಲಿ ಬಿಟ್ಟೆ. ಕಂಪನಿಯವರ ಉಚಿತ ಶುಗರ್ ಕ್ಯಾಂಪಿನಲ್ಲಿ ಶೇಖಪ್ಪ. ಐದನೇ ಸ್ಟ್ರಿಪ್ ಫ್ರೀ ಅನ್ನುವ ಕ್ಯೂಆರ್ ಕಾರ್ಡಿನಲ್ಲಿ ಚಂದ್ರಶೇಖರ. ನಮ್ಮ ಆರ್ಡರ್ ಪುಸ್ತಕದಲ್ಲಿ, ಅದೇ, ಸ್ಟಾಕ್ ಇಲ್ಲದ ಔಷಧಿ ಬಂದ ಮೇಲೆ ತಿಳಿಸಲು ಹೆಸರು ನಂಬರ್ ಬರೆಯುವ ನೋಟ್‌ಬುಕ್ಕಿನಲ್ಲಿ, ಸೋಮಶೇಖರ. ಅವನ ಮುಂದೆ ಒಂದು ಇನ್ಸುಲಿನ್ ಬ್ರ್ಯಾಂಡು.

ಚಂದ್ರಶೇಖರನಿಗೆ ವಾರ ವಾರ ಮೆಸೇಜ್. ಶೇಖಪ್ಪನಿಗೆ ಎರಡು ವಾರದೊಳಗೇ ಫೋನ್, "ಕಾಲು ಜೋಮು ಹಿಡಿಯುತ್ತಾ ಸರ್?" ಅಂತ. ಇವೆರಡೂ ಬರುತ್ತವೆ ಅಂತ ಗೊತ್ತಿತ್ತು. ತಿಂಗಳಾದ ಮೇಲೆ ಸೋಮಶೇಖರನಿಗೂ ಬಂತು! ಚೀಟಿ, ಕಂಪ್ಯೂಟರ್ ಎಲ್ಲಾ ಕಾಯುತ್ತಾ ಕೂತಿದ್ದೆ. ಹೋಗುತ್ತಿದ್ದದ್ದು ಕೌಂಟರ್ ಮೇಲೆ ದಾರ ಕಟ್ಟಿ ಇಟ್ಟಿದ್ದ ನಲವತ್ತು ರೂಪಾಯಿಯ ನೋಟ್‌ಬುಕ್ಕಿನಿಂದ. ಈಗ ಆ ಪುಸ್ತಕದಲ್ಲಿ ಔಷಧಿ ಮತ್ತು ಟೋಕನ್ ನಂಬರ್ ಮಾತ್ರ. ಫೋನ್ ನಂಬರ್ ಅಂಗಡಿಯ ಮೊಬೈಲಿನಲ್ಲಿ ಟೋಕನ್ ಹೆಸರಲ್ಲಿ ಸೇವ್ ಆಗಿರುತ್ತೆ. ಕ್ಯಾಂಪ್ ಪೋಸ್ಟರ್ ಅಂಟಿಸೋದೂ ನಿಲ್ಲಿಸಿದೆ. ದೊಡ್ಡ ಕಂಪನಿ ಹುಷಾರಾಗಿರುತ್ತೆ ಅಂತ ನಂಬಬೇಡಿ. 2001ರಲ್ಲಿ ಅಮೆರಿಕದ ಎಲಿ ಲಿಲ್ಲಿ ಔಷಧಿ ಕಂಪನಿ ಖಿನ್ನತೆಯ ಮಾತ್ರೆ ಪ್ರೋಜಾಕ್ ಬಗ್ಗೆ ಇಮೇಲ್ ಬೇಕು ಅಂತ ಹೆಸರು ಕೊಟ್ಟಿದ್ದವರಿಗೆ ಒಂದೇ ಇಮೇಲ್ ಕಳಿಸಿತು. 669 ಜನರ ವಿಳಾಸ ಎಲ್ಲರಿಗೂ ಕಾಣುವ ಹಾಗೆ.

ನಮ್ಮ ದೇಶದಲ್ಲೂ ವೈಯಕ್ತಿಕ ಡೇಟಾ ಕಾನೂನು 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ದೊಡ್ಡ ದಂಡ 250 ಕೋಟಿವರೆಗೆ ಇದೆ. ನವನಗರದ ನಮ್ಮ ಇಡೀ ಸೆಕ್ಟರ್ ಮಾರಿದರೂ ಆ ದುಡ್ಡು ಹುಟ್ಟಲ್ಲ ಬಿಡಿ. ಆದರೆ ಪೂರ್ತಿ ಜಾರಿಯಾದ ಮೇಲೆ, ಗಿರಾಕಿ ಔಷಧಿಗೆ ಅಂತ ಕೊಟ್ಟ ನಂಬರನ್ನು ಅವನನ್ನು ಕೇಳದೆ ಇನ್ನೊಬ್ಬರಿಗೆ ಕೊಟ್ಟರೆ ಉತ್ತರ ಹೇಳಬೇಕಾದವರು ನಾವೇ.

ಈಗ ಖರ್ಚು ಅಂದರೆ ಪ್ರಿಂಟ್ ಹಾಳೆ, ವರ್ಷಕ್ಕೆ ಸಾವಿರದೊಳಗೆ. ಸಾಫ್ಟ್‌ವೇರಿನವನು ಮಾರಾಟದ ಡೇಟಾ ಹೊರಗೆ ಕಳಿಸಲು ಒಪ್ಪಿದರೆ ವಾರ್ಷಿಕ ಫೀಸ್ ಮಾಫಿ ಅಂದಿದ್ದ. ಒಲ್ಲೆ ಅಂದೆ, ಅಲ್ಲಿ ಏಳೆಂಟು ಸಾವಿರ ಬಿಟ್ಟ ಹಾಗೆ. ದಿನದ ವ್ಯಾಪಾರ ಮೊದಲು ಹದಿನೆಂಟು ಸಾವಿರದ ಸುತ್ತ ಇತ್ತು, ಈಗ ಇಪ್ಪತ್ತೆರಡು ದಾಟುತ್ತೆ. ಎಲ್ಲಾ ಇದರಿಂದಲೇ ಅನ್ನಲ್ಲ. ಆದರೆ ಗುಳೇದಗುಡ್ಡ, ಕೆರೂರಿನಿಂದ ನಾಲ್ಕು ಅಂಗಡಿ ದಾಟಿ ನನ್ನ ಹತ್ತಿರವೇ ನಿದ್ದೆ ಗುಳಿಗೆ ಒಯ್ಯಲು ಬರುವವರಿದ್ದಾರೆ.

ವಾಟ್ಸಾಪಿನಲ್ಲಿ ಬರುವ ಚೀಟಿಗಳದ್ದು ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ. ಸದ್ಯಕ್ಕೆ ಒಂದೇ ಮೊಬೈಲ್, ಅದು ರಾತ್ರಿ ಅಂಗಡಿಯಲ್ಲೇ. ಫೋಟೊ ಗ್ಯಾಲರಿಗೆ ಇಳಿಯೋದು ಬಂದ್ ಮಾಡಿದ್ದೇನೆ, ಭಾನುವಾರ ಅಳಿಸುತ್ತೇನೆ. ಹುಡುಗರ ಸ್ವಂತ ಮೊಬೈಲಿಗೆ ಚೀಟಿ ಬಂದರೆ ಔಷಧಿ ಕೊಡಲ್ಲ. ಶನಿವಾರದ ಹಾಳೆಯ ನಮೂನೆ ಬೇಕಾದವರು ಮಧ್ಯಾಹ್ನ ಎರಡರ ಮೇಲೆ ಬನ್ನಿ, ಖಾಲಿ ಇರುತ್ತೇನೆ. ಸಣ್ಣ ಊರಿನ ಅಂಗಡಿಯಾದರೆ ಹಾಳೆಯಲ್ಲಿ ಐದು ಸ್ಟ್ರಿಪ್ ಮಿತಿಯ ಬದಲು ಹತ್ತು ಇಟ್ಟುಕೊಳ್ಳಿ.