ಉಣಕಲ್ ಕೆರೆ ದಂಡೆಯಲ್ಲಿ ಕ್ಯಾಮೆರಾ ಇಟ್ಟ ಮೇಲೆ

ಗೋಕುಲ ರಸ್ತೆ ಕಡೆ ಮನೆ ಇರುವವರಿಗೆ ವಿಮಾನದ ಸಪ್ಪಳ ಹೊಸದಲ್ಲ. ನಮ್ಮ ಮಾಳಿಗೆ ಮೇಲೆ ನಿಂತರೆ ಬೆಂಗಳೂರಿನಿಂದ ಬರುವ ವಿಮಾನ ಇಳಿಯೋದು ಕಾಣುತ್ತದೆ. ಅದನ್ನು ನೋಡಿ ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. 2020ರ ಆಗಸ್ಟ್‌ನಲ್ಲಿ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಹೊಸ ಆವೃತ್ತಿ ಬಂತು. ಮೇಲಿನಿಂದ ತೆಗೆದ ಚಿತ್ರಗಳನ್ನು ಹಾಸಿ ಇಡೀ ಭೂಮಿಯನ್ನೇ ಕಟ್ಟಿದ್ದರು. ಅದನ್ನು ಹಾಕಿಕೊಂಡ ದಿನ ನಾನು ಮೊದಲು ಹುಡುಕಿದ್ದು ಹುಬ್ಬಳ್ಳಿಯನ್ನು. ರನ್‌ವೇ ಇತ್ತು. ಉಣಕಲ್ ಕೆರೆ ಇತ್ತು. ಕೆರೆ ಪಕ್ಕ ಧಾರವಾಡಕ್ಕೆ ಹೋಗುವ ರಸ್ತೆಯೂ ಇತ್ತು. ಇದನ್ನು ನಮ್ಮ ಊರಿನವರಿಗೆ ತೋರಿಸಲೇಬೇಕು ಅಂತ ಅವತ್ತೇ ಅನಿಸಿತು.

ತೋರಿಸಿದೆ. ಯೂಟ್ಯೂಬ್‌ಗೆ ವಿಡಿಯೊ ಹಾಕಿದೆ, ಯಾರೂ ನೋಡಲಿಲ್ಲ.

ಸ್ವಲ್ಪ ಕಾಲ ಬಿಟ್ಟು, ಆಟದೊಳಗೆ ಹಾರಿಸಲು ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ ಕೊಂಡುಕೊಂಡ ಮೇಲೆ, ಒಂದು ದೊಡ್ಡ ವಿಡಿಯೊ ಮಾಡಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಹುಬ್ಬಳ್ಳಿಗೆ, ಪೂರ್ತಿ ಹಾರಾಟ. ನೇರ ದಾರಿ ಸುಮಾರು 370 ಕಿಲೋಮೀಟರ್. ಚಿತ್ರದುರ್ಗದ ಮೇಲೆ ಹಾದು, ದಾವಣಗೆರೆಯನ್ನು ಎಡಕ್ಕೆ ಬಿಟ್ಟು ಬರಬೇಕು. ಒಂದು ಗಂಟೆಯ ಮೇಲಿನ ವಿಡಿಯೊ, ಒಂದು ಕಡೆಯೂ ಕತ್ತರಿಸಿರಲಿಲ್ಲ. ನನಗೆ ಅದರ ಪ್ರತಿ ನಿಮಿಷವೂ ಮುಖ್ಯವಾಗಿತ್ತು. ಇಂಧನ ನೋಡೋದು, ಎತ್ತರ ಬದಲಿಸೋದು, ಇಳಿಯೋ ಲೆಕ್ಕ ಹಾಕೋದು, ಏನಾದರೂ ಒಂದು ಕೆಲಸ ನಡೆದೇ ಇರುತ್ತಿತ್ತು. ನೋಡುವವರಿಗೆ ಕಂಡದ್ದು ಬರೀ ಮೋಡ. ಯೂಟ್ಯೂಬ್‌ನವರು ಒಂದು ಗ್ರಾಫ್ ಕೊಡುತ್ತಾರೆ, ಜನ ಎಲ್ಲಿ ಬಿಟ್ಟು ಹೋದರು ಅಂತ ಅದು ತೋರಿಸುತ್ತದೆ. ನನ್ನ ಗೆರೆ ಮೊದಲ ಅರ್ಧ ನಿಮಿಷದಲ್ಲೇ ನೆಲಕ್ಕೆ ಬಿದ್ದಿತ್ತು.

ಯಾಕೆ ಅಂತ ಗೊತ್ತಾಗಿದ್ದು ಅವ್ವನಿಂದ. ಒಂದು ಸಂಜೆ ಟಿವಿಯಲ್ಲಿ ಅದೇ ವಿಡಿಯೊ ಹಾಕಿ ಅವ್ವನನ್ನು ಕೂರಿಸಿದೆ. ಐದು ನಿಮಿಷ ಸುಮ್ನೆ ನೋಡಿದಳು. ಆಮೇಲೆ ಕೇಳಿದಳು, "ತಮ್ಮಾ, ಇನ್ನ ಎಷ್ಟೊತ್ತು ಹಿಂಗ ಮೋಡಾನ ತೋರಸ್ತಿ? ಯಾವಾಗ ಇಳಿತೈತಿ ಇದು?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವ್ವ ನೋಡಲು ತಯಾರಿದ್ದಳು, ಕಾಯಲೂ ತಯಾರಿದ್ದಳು. ಯಾವುದಕ್ಕೆ ಕಾಯಬೇಕು ಅಂತ ನಾನೇ ಹೇಳಿರಲಿಲ್ಲ. ವಿಮಾನ ನಡೆಸುವವನಿಗೆ ಮುಂದೇನು ಅಂತ ಯಾವಾಗಲೂ ಗೊತ್ತಿರುತ್ತದೆ. ಪಕ್ಕದಲ್ಲಿ ಕೂತವರಿಗೆ ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಅವರು ಕಿಟಕಿ ಕಡೆ ನೋಡುತ್ತಾ ಕೂರುತ್ತಾರೆ, ಅಷ್ಟೇ.

ಮುಂದಿನ ವಿಡಿಯೊ ನಾನು ಬೆಂಗಳೂರಿನಿಂದ ಶುರು ಮಾಡಲಿಲ್ಲ. ಹುಬ್ಬಳ್ಳಿ ರನ್‌ವೇಗೆ ಏಳು ಮೈಲಿ ಇರುವಾಗ ಶುರು ಮಾಡಿದೆ. ಜುಲೈ ತಿಂಗಳ ಹವಾಮಾನ, ಮಳೆ, ಎದುರಿಗೆ ಬೂದು ಬಣ್ಣದ ಗೋಡೆ. ಗಾಳಿ ನೈಋತ್ಯದಿಂದ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವ ನಮಗೆ ಎಡಗಡೆಯಿಂದ. ವೈಪರ್ ಹೊಡೆದುಕೊಳ್ಳುತ್ತಿದೆ. ನಾನು ಹೇಳಿದ್ದು ಇಷ್ಟೇ: "ರನ್‌ವೇ ಇನ್ನೂ ಕಾಣಿಸ್ತಿಲ್ಲ. ಬಲಗಡೆ ಉಣಕಲ್ ಕೆರೆ ಬರಬೇಕು. ಕೆರೆ ಕಂಡರೆ ನಾವು ಸರಿಯಾದ ದಾರಿಯಲ್ಲಿದ್ದೀವಿ. ನೀವೂ ನೋಡ್ತಾ ಇರಿ."

ಇಷ್ಟು ಹೇಳಿದ ಮೇಲೆ ನೋಡುವವರಿಗೂ ಒಂದು ಕೆಲಸ ಸಿಕ್ಕಿತು. ಅವ್ವ ಕುರ್ಚಿ ತುದಿಗೆ ಬಂದು ಕೂತು ಕೆರೆ ಹುಡುಕಿದಳು. "ಅಲ್ಲೈತಿ ನೋಡು, ಅಲ್ಲೈತಿ!" ಅಂತ ನನಗಿಂತ ಮೊದಲೇ ಕೂಗಿದಳು. ಆ ವಿಡಿಯೊ ಒಂಬತ್ತು ನಿಮಿಷದ್ದು. ಗ್ರಾಫಿನ ಗೆರೆ ಕೆರೆ ಕಾಣುವ ತನಕ ಹೆಚ್ಚೂಕಡಿಮೆ ಮಟ್ಟವಾಗಿ ನಿಂತಿತ್ತು.

ಅವತ್ತಿನಿಂದ ಒಂದು ವಿಡಿಯೊಗೆ ಒಂದೇ ಪ್ರಶ್ನೆ ಅಂತ ಇಟ್ಟುಕೊಂಡಿದ್ದೇನೆ. ಎಡಗಾಳಿಗೆ ವಿಮಾನ ನೇರವಾಗಿ ಇಳಿಯುತ್ತದಾ? ಒಂದು ಎಂಜಿನ್ ನಿಂತರೆ ಮುಂದೇನು? ಪ್ರಶ್ನೆ ಮೊದಲ ಹತ್ತು ಸೆಕೆಂಡಿನಲ್ಲಿ ಬರಬೇಕು. ಉತ್ತರ ಕೊನೆಗೆ ಬರಬೇಕು. ನಡುವೆ ಬರುವುದೆಲ್ಲ ಆ ಉತ್ತರದ ಕಡೆ ಒಂದು ಹೆಜ್ಜೆ ಇಡುತ್ತಿರಬೇಕು. ಇಡದಿದ್ದರೆ, ಎಷ್ಟೇ ಚೆಂದ ಕಂಡರೂ ಕತ್ತರಿಸುತ್ತೇನೆ. ಸೂರ್ಯ ಮುಳುಗುವ ದೃಶ್ಯಗಳನ್ನು ಕತ್ತರಿಸುವಾಗ ಹೊಟ್ಟೆ ಉರಿಯುತ್ತದೆ, ಆದರೂ ಕತ್ತರಿಸುತ್ತೇನೆ.

ಇನ್ನು ಕ್ಯಾಮೆರಾ. ನಾನು ಅತಿ ಹೆಚ್ಚು ಸಮಯ ಹಾಕಿದ್ದು ಇದಕ್ಕೇ. ಸಿಮ್ಯುಲೇಟರ್‌ನಲ್ಲಿ ಕ್ಯಾಮೆರಾ ಎಲ್ಲಿ ಬೇಕಾದರೂ ಹೋಗುತ್ತದೆ. ರೆಕ್ಕೆ ತುದಿಗೆ, ಚಕ್ರದ ಕೆಳಗೆ, ಮೂತಿಯ ಮುಂದೆ. ಶುರುವಿನಲ್ಲಿ ನಾನೂ ಹಾಗೇ ಸುತ್ತಿಸಿದೆ. ನೋಡಿದರೆ ಆಟಿಕೆ ಥರ ಕಾಣುತ್ತಿತ್ತು. ಕಾರಣ ಹೊಳೆದದ್ದು ಒಂದು ಭಾನುವಾರ ನಿಜವಾಗಿಯೂ ಉಣಕಲ್ ಕೆರೆ ದಂಡೆಗೆ ಹೋಗಿ ನಿಂತಾಗ. ಮೊದಲು ಸಪ್ಪಳ ಬಂತು. ಆಮೇಲೆ ಗಿಡಗಳ ಮೇಲೆ ದೀಪ ಕಂಡಿತು. ಆಮೇಲೆ ವಿಮಾನ. ನಾನು ನಿಂತಲ್ಲೇ ನಿಂತಿದ್ದೆ, ಅದು ಹಾದು ಹೋಯಿತು. ಅದು ದೊಡ್ಡದು ಅನಿಸಿದ್ದು ನಾನು ಅಲ್ಲಾಡದೆ ನಿಂತಿದ್ದಕ್ಕೆ.

ಮನೆಗೆ ಬಂದು ಸಿಮ್ಯುಲೇಟರ್ ಒಳಗಿನ ಡ್ರೋನ್ ಕ್ಯಾಮೆರಾವನ್ನು ಅದೇ ಜಾಗಕ್ಕೆ ಒಯ್ದೆ. ವಿಮಾನದ ಹಿಂದೆ ಹೋಗುವ ಆಯ್ಕೆಯನ್ನು ಆಫ್ ಮಾಡಿದೆ. ಎತ್ತರವನ್ನು ನೆಲದಿಂದ ಐದೂವರೆ ಅಡಿಗೆ ಇಳಿಸಿದೆ, ಒಬ್ಬ ಮನುಷ್ಯನ ಕಣ್ಣಿನ ಮಟ್ಟಕ್ಕೆ. ಚೌಕಟ್ಟಿನ ಕೆಳಗೆ ಸ್ವಲ್ಪ ನೀರು, ಒಂದು ಬದಿಗೆ ಗಿಡ, ಉಳಿದದ್ದು ಖಾಲಿ ಆಕಾಶ. ಎಂಟು ಸೆಕೆಂಡ್ ಏನೂ ಇಲ್ಲ, ಬರೀ ಸಪ್ಪಳ. ಒಂಬತ್ತನೆಯ ಸೆಕೆಂಡಿಗೆ ದೀಪ. ನಾನು ತೆಗೆದ ಎಲ್ಲದರಲ್ಲಿ ನನಗೆ ಜಾಸ್ತಿ ಇಷ್ಟವಾದ ದೃಶ್ಯ ಇದು. ಮನುಷ್ಯ ನಿಲ್ಲಬಹುದಾದ ಜಾಗದಲ್ಲೇ ಕ್ಯಾಮೆರಾ ಇಡುತ್ತೇನೆ ಈಗ. ಕೆರೆ ದಂಡೆ, ಮಾಳಿಗೆ, ಪ್ರಯಾಣಿಕರ ಕಿಟಕಿ, ಪೈಲಟ್‌ನ ಭುಜದ ಹಿಂದೆ.

ಹಾರಿಸುವಾಗಲೇ ಇದನ್ನೆಲ್ಲ ತೆಗೆಯಲು ಆಗುವುದಿಲ್ಲ, ಕೈ ಎರಡೇ ಇರೋದು. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್‌ನಲ್ಲಿ, ಹಾರಿಸಿದ್ದನ್ನು ಮತ್ತೆ ಓಡಿಸಿ ನೋಡುವ ರೀಪ್ಲೇ ಒಳಗೇ ಇದೆ. ನಾನು ಬಳಸುವುದರಲ್ಲಿ ಅಷ್ಟು ಸಲೀಸಾದ ರೀಪ್ಲೇ ಇಲ್ಲ. ಅದಕ್ಕೆ ಸ್ಕೈ ಡಾಲಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಮೊದಲ ಸಲ ಕಾಕ್‌ಪಿಟ್‌ನಲ್ಲೇ ಕೂತು ಶ್ರದ್ಧೆಯಿಂದ ಹಾರಿಸುತ್ತೇನೆ, ಅದು ಹಾರಾಟವನ್ನು ಬರೆದುಕೊಳ್ಳುತ್ತದೆ. ಆಮೇಲೆ ಅದೇ ಹಾರಾಟವನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸಲ ಒಂದೊಂದು ಕಡೆಯಿಂದ ತೆಗೆಯುತ್ತೇನೆ. ಒಂದು ಎಚ್ಚರಿಕೆ ಬೇಕು. ಲೈವ್ ಹವಾಮಾನ ಇಟ್ಟಿದ್ದರೆ ಎರಡನೇ ಸಲಕ್ಕೆ ಮೋಡ ಬದಲಾಗಿರುತ್ತದೆ. ಒಳಗಿನ ದೃಶ್ಯದಲ್ಲಿ ಮಳೆ, ಹೊರಗಿನದರಲ್ಲಿ ಬಿಸಿಲು ಅಂದರೆ ಹೇಗೆ? ಹವಾಮಾನವನ್ನೂ ಗಂಟೆಯನ್ನೂ ನಾನೇ ಒಂದೇ ಕಡೆ ಕಟ್ಟಿಹಾಕುತ್ತೇನೆ.

ಸಪ್ಪಳದ ಪಾಠ ಅಪ್ಪನಿಂದ. ಅಪ್ಪ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಒಂದು ವಿಡಿಯೊಗೆ ಉದ್ದಕ್ಕೂ ಸಂಗೀತ ಹಾಕಿದ್ದೆ. ನೋಡಿದ ಕೂಡಲೇ ಅಪ್ಪ ಕೇಳಿದರು, "ಎಂಜಿನ್ ಸಪ್ಪಳಾ ಯಾಕ ಮುಚ್ಚಿಟ್ಟಿ? ಗಾಡಿ ಹೆಂಗ ಐತಿ ಅನ್ನೂದು ಸಪ್ಪಳದಾಗ ಗೊತ್ತಾಕ್ಕೈತಿ." ಹೌದಲ್ವಾ? ಎಟಿಆರ್‌ನ ಪ್ರೊಪೆಲ್ಲರ್ ನೆಲ ಮುಟ್ಟಿದ ಮೇಲೆ, ಲಿವರ್ ಹಿಂದಕ್ಕೆ ಎಳೆದಾಗ, ದನಿಯನ್ನೇ ಬದಲಿಸುತ್ತದೆ. ಅದರ ಮುಂದೆ ಯಾವ ಸಂಗೀತವೂ ಬೇಡ. ಈಗ ಸಂಗೀತ ಬರೋದು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ. ಅದೂ ಯೂಟ್ಯೂಬ್‌ನವರೇ ಉಚಿತವಾಗಿ ಕೊಡುವ ಸಂಗ್ರಹದಿಂದ. ಸಿನಿಮಾ ಹಾಡು ಹಾಕಿದರೆ ಹಕ್ಕಿನ ತಕರಾರು ಬರುತ್ತದೆ.

ರೆಕಾರ್ಡಿಂಗ್‌ಗೆ ಒಬಿಎಸ್ ಸ್ಟುಡಿಯೊ, ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಒಬಿಎಸ್‌ನಲ್ಲಿ ನನ್ನ ಮಾತು ಒಂದು ಟ್ರ್ಯಾಕ್‌ಗೆ, ವಿಮಾನದ ಸಪ್ಪಳ ಇನ್ನೊಂದಕ್ಕೆ ಹೋಗುವ ಹಾಗೆ ಮೊದಲೇ ಬೇರೆ ಮಾಡಿಟ್ಟುಕೊಳ್ಳಿ. ಎರಡೂ ಕಲೆತರೆ ಆಮೇಲೆ ಬಿಡಿಸಲು ಆಗುವುದಿಲ್ಲ. ಫೈಲನ್ನು ಎಂಕೆವಿ ಎಂಬ ಬಗೆಯಲ್ಲೇ ಉಳಿಸಿ. ನಾನು ಎಂಪಿ4 ಇಟ್ಟಿದ್ದೆ. ಒಂದು ಮಳೆಗಾಲದ ರಾತ್ರಿ, ಇಳಿಯಲು ಎರಡು ನಿಮಿಷ ಇರುವಾಗ ಕರೆಂಟ್ ಹೋಯಿತು. ಮರಳಿ ಬಂದಾಗ ಫೈಲ್ ತೆರೆಯಲೇ ಇಲ್ಲ, ಇಡೀ ಸಂಜೆಯ ಕೆಲಸ ಹೋಯಿತು. ಎಂಕೆವಿಯಲ್ಲಿ ನಡುವೆ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ. ಎಂಪಿ4 ಬೇಕಾದರೆ ಒಬಿಎಸ್ ಒಳಗೇ ಆಮೇಲೆ ಬದಲಿಸಬಹುದು. ಆ ವಾರವೇ ಒಂದು ಯುಪಿಎಸ್ ಕೂಡ ತಂದೆ.

ಚಿತ್ರದ ವಿಷಯ ಬೇಗ ಮುಗಿಸುತ್ತೇನೆ. ಫ್ರೇಮ್ ದರ, ಅಂದರೆ ಸೆಕೆಂಡಿಗೆ ತೋರುವ ಚಿತ್ರಗಳ ಎಣಿಕೆ, 30ಕ್ಕೆ ಕಟ್ಟಿಹಾಕಿ. ಒಮ್ಮೆ 50, ಒಮ್ಮೆ 28 ಅಂತ ಕುಣಿಯುವುದಕ್ಕಿಂತ ಒಂದೇ ಸಮನೆ 30 ಕಣ್ಣಿಗೆ ಹಿತ.

ಮಾತಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಮೊದಮೊದಲು ನಾನು ಇಂಗ್ಲಿಷ್ ವಿಡಿಯೊಗಳ ಹಾಗೆ ಮಾತಾಡಲು ಹೋಗಿದ್ದೆ. ಈಗ ಮನೆಯಲ್ಲಿ ಆಡುವ ಕನ್ನಡದಲ್ಲೇ ಹೇಳುತ್ತೇನೆ. ಫ್ಲಾಪ್ಸ್‌ಗೆ ಫ್ಲಾಪ್ಸ್ ಅಂತಲೇ ಅನ್ನುತ್ತೇನೆ, ಜೊತೆಗೆ ಒಂದು ಸಾಲು ಸೇರಿಸುತ್ತೇನೆ: ರೆಕ್ಕೆಯ ಹಿಂಬದಿಯ ಈ ಪಟ್ಟಿ ಕೆಳಗಿಳಿದರೆ ನಿಧಾನ ಹೋದರೂ ವಿಮಾನ ಬೀಳಲ್ಲ. ಅಷ್ಟೇ ಸಾಕು. ಜನರಿಗೆ ಗೊತ್ತಿರುವ ಅಳತೆ ಕೊಟ್ಟರೆ ಇನ್ನೂ ಒಳ್ಳೆಯದು. ಹುಬ್ಬಳ್ಳಿ ರನ್‌ವೇ 2,600 ಮೀಟರ್ ಅಂದರೆ ಯಾರ ಮುಖದಲ್ಲೂ ಏನೂ ಬದಲಾಗುವುದಿಲ್ಲ. ನಮ್ಮ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು ಅಂತ ಹೆಸರಾದದ್ದು, ಎಲ್ಲರಿಗೂ ಗೊತ್ತು. ಅದರ ಒಂದೂಮುಕ್ಕಾಲು ಪಟ್ಟಿಗೆ ಹತ್ತಿರ ನಮ್ಮ ರನ್‌ವೇ ಅಂದೆ. ಆ ಸಾಲಿಗೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬಂದಿಲ್ಲ.

ಜನ ಕೇಳುವ ಪ್ರಶ್ನೆಯಲ್ಲೇ ಮುಂದಿನ ವಿಡಿಯೊ ಇರುತ್ತದೆ. ಒಬ್ಬರು ಕೇಳಿದರು, ಮನೆಗಳ ಮೇಲೇ ಹೋಗ್ತಿದ್ದೀರಿ, ಎತ್ತರ ತೋರಿಸುವ ಮೀಟರ್ ಯಾಕೆ ಮೂರು ಸಾವಿರ ಅಡಿ ಹತ್ತಿರ ತೋರಿಸುತ್ತಿದೆ ಅಂತ. ಒಳ್ಳೆಯ ಪ್ರಶ್ನೆ. ಆ ಮೀಟರ್ ಎಣಿಸುವುದು ಸಮುದ್ರ ಮಟ್ಟದಿಂದ, ನಮ್ಮ ವಿಮಾನ ನಿಲ್ದಾಣವೇ ಸುಮಾರು 2,170 ಅಡಿ ಎತ್ತರದಲ್ಲಿದೆ. ಇಳಿಯುವಾಗ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಲೆಕ್ಕ. ರನ್‌ವೇಗೆ ಮೂರು ಮೈಲಿ ಇದ್ದಾಗ ನೆಲದಿಂದ 900 ಅಡಿ ಮೇಲಿರಬೇಕು, ಎರಡೂ ಕೂಡಿಸಿದರೆ 3,070. ಇದೊಂದರ ಮೇಲೇ ಆರು ನಿಮಿಷದ ವಿಡಿಯೊ ಆಯಿತು. ಇನ್ನೊಬ್ಬರು, ನಿಂತ ಎಟಿಆರ್‌ನ ಬಲಗಡೆ ಎಂಜಿನ್ ಗುಂಯ್ ಅನ್ನುತ್ತಿದೆ, ಫ್ಯಾನ್ ಮಾತ್ರ ತಿರುಗುತ್ತಿಲ್ಲ, ಕೆಟ್ಟಿದೆಯಾ ಅಂದರು. ಕೆಟ್ಟಿಲ್ಲ. ಎಟಿಆರ್‌ನಲ್ಲಿ ಕರೆಂಟಿಗೆ ಬೇರೆ ಚಿಕ್ಕ ಎಂಜಿನ್ ಇರಲ್ಲ. ಬಲಗಡೆ ಎಂಜಿನ್ ಓಡಿಸಿ, ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಅದರಿಂದಲೇ ಕರೆಂಟ್ ಮತ್ತು ಗಾಳಿ ತೆಗೆದುಕೊಳ್ಳುತ್ತಾರೆ. ಹೋಟೆಲ್ ಮೋಡ್ ಅಂತಾರೆ ಅದಕ್ಕೆ.

ಕೆಲವರು ಕೊರತೆಗಳನ್ನೂ ಹೇಳಿದರು. ಕೆರೆ ನಡುವಿನ ವಿವೇಕಾನಂದರ ಮೂರ್ತಿ ಎಲ್ಲಿ, ಉಣಕಲ್‌ನ ಚಂದ್ರಮೌಳೇಶ್ವರ ಗುಡಿ ಎಲ್ಲಿ ಅಂತ. ಸಿಮ್ಯುಲೇಟರ್ ಚಿತ್ರ ನೋಡಿ ಕಟ್ಟಡಗಳನ್ನು ತಾನೇ ಊಹಿಸಿ ಕಟ್ಟುತ್ತದೆ, ಗುಡಿಯೂ ಅದಕ್ಕೆ ಒಂದು ಮನೆಯೇ. ಇದನ್ನು ಮುಚ್ಚಿಡದೆ ವಿಡಿಯೊದಲ್ಲೇ ಹೇಳುತ್ತೇನೆ.

ಇನ್ನೊಂದು ವಿಷಯದಲ್ಲಿ ನಾನು ಗಟ್ಟಿ. ಪ್ರತಿ ವಿಡಿಯೊದ ಮೊದಲ ದೃಶ್ಯದಲ್ಲೇ "ಇದು ಸಿಮ್ಯುಲೇಟರ್" ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಸಿಮ್ಯುಲೇಟರ್ ತುಣುಕನ್ನು ನಿಜವಾದ ಅಪಘಾತ ಅಂತ ವಾಟ್ಸಾಪ್‌ನಲ್ಲಿ ಹಂಚುವುದನ್ನು ನೋಡಿದ್ದೇನೆ. ಆ ವಿಮಾನದಲ್ಲಿ ತಮ್ಮವರು ಇದ್ದರೆ ಏನು ಗತಿ? ನಿಜವಾಗಿ ಜನ ಸತ್ತ ಅಪಘಾತವನ್ನು ಮತ್ತೆ ಹಾರಿಸಿ ತೋರಿಸುವ ವಿಡಿಯೊ ನಾನು ಮಾಡುವುದಿಲ್ಲ. ಜನ ಜಾಸ್ತಿ ನೋಡುತ್ತಾರೆ ಅಂತ ಗೊತ್ತು. ಆದರೂ ಬೇಡ.

ಈಗ ಕೈಯಲ್ಲಿರುವುದು ಒಂದು ಸಂಜೆಯ ಟೇಕಾಫ್. ಕ್ಯಾಮೆರಾ ನೃಪತುಂಗ ಬೆಟ್ಟದ ಮೇಲೆ ಇಟ್ಟಿದ್ದೇನೆ, ಕೆಳಗೆ ಊರಿನ ದೀಪ ಹತ್ತುವ ಹೊತ್ತು. ಹೋದ ವಾರ ಅವ್ವನನ್ನು ಕರೆದುಕೊಂಡು ನಿಜವಾಗಿಯೂ ಬೆಟ್ಟ ಹತ್ತಿ, ಎಷ್ಟು ಗಂಟೆಗೆ ದೀಪ ಹತ್ತುತ್ತವೆ ಅಂತ ಬರೆದುಕೊಂಡು ಬಂದೆ. ಮೊದಲ ತುಣುಕನ್ನು ನಿನ್ನೆ ತೋರಿಸಿದಾಗ ಅವ್ವ ಅಂದದ್ದು, "ನಮ್ಮನಿ ಯಾವ ಕಡೆ ಐತಿ ಹೇಳ್ಲಿಲ್ಲಲ್ಲೋ." ಇವತ್ತು ರಾತ್ರಿ ಆ ಸಾಲು ಸೇರಿಸಬೇಕು.