21 ಲಕ್ಷದ ಕಾರು, ಕೋಟಿ ಕಾರಿನ ಬಿಲ್ಲು

2023ರ ಜುಲೈ ತಿಂಗಳನ್ನು ಕೋಲಾರದ ಕಡೆಯವರು ಯಾರೂ ಮರೆಯಲ್ಲ. ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತು. ನಮ್ಮದು ವಕ್ಕಲೇರಿ ಕಡೆ. ಅಕ್ಕಪಕ್ಕದ ತೋಟಗಳಿಗೆ ಎಲೆ ಮುದುಡು ರೋಗ ಬಂದು ಎಲ್ಲ ಹೋಗಿತ್ತು, ನಮ್ಮ ನಾಲ್ಕು ಎಕರೆ ಮಾತ್ರ ಹೇಗೋ ಬಚಾವಾಗಿ ನಿಂತಿತ್ತು. ಸಾಲ ತೀರಿಸಿದೆವು, ಬೋರ್‌ವೆಲ್‌ಗೆ ಹೊಸ ಮೋಟಾರ್ ಇಳಿಸಿದೆವು. ಉಳಿದಿದ್ದರಲ್ಲಿ ಸೈಟು ತಗೋ ಅಂದರು ಅಪ್ಪ. ನಾನು ಕಾರು ತಂದೆ.

2014ರ ಮಾಡೆಲ್, ಜರ್ಮನಿ ಕಾರು, ಪೆಟ್ರೋಲ್ ವಿ8, ಅಂದರೆ ವಿ ಅಕ್ಷರದ ಹಾಗೆ ಎರಡು ಸಾಲಲ್ಲಿ ಎಂಟು ಸಿಲಿಂಡರ್, ಎಂಜಿನ್‌ಗೆ ಗಾಳಿ ಒತ್ತಿ ತುಂಬೋಕೆ ಎರಡು ಟರ್ಬೊ, ಐನೂರಕ್ಕೂ ಜಾಸ್ತಿ ಹಾರ್ಸ್‌ಪವರ್. ಕಂಪನಿ ಹೆಸರು ಬೇಡ ಬಿಡಿ, ಆ ದೇಶದ ಹಳೆ ವಿ8 ಯಾವುದನ್ನು ತಂದರೂ ಕಾಯಿಲೆಗಳು ಹೆಚ್ಚುಕಮ್ಮಿ ಇವೇ. ಹೊಸದಾಗಿದ್ದಾಗ ಕೋಟಿ ಮೇಲಿನ ಗಾಡಿ, ಬೆಂಗಳೂರಿನಲ್ಲಿ 62 ಸಾವಿರ ಕಿಲೋಮೀಟರ್ ಓಡಿದ್ದು ನನಗೆ 21 ಲಕ್ಷಕ್ಕೆ ಸಿಕ್ಕಿತು. ದೆಹಲಿ ಗಾಡಿ ಇನ್ನೂ ಮೂರು ಲಕ್ಷ ಕಮ್ಮಿಗೆ ಬರುತ್ತಿತ್ತು, ಆದರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು.

ಮೊದಲ ತಿಂಗಳು ನಾನು ರಾಜ. ನರಸಾಪುರ ದಾಟಿ ಹೈವೇಯಲ್ಲಿ ಕಾಲಿಟ್ಟರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಎರಡನೇ ತಿಂಗಳು, ಒಂದು ಬೆಳಿಗ್ಗೆ ಹಾಲು ಹಾಕಿ ಬಂದು ನೋಡಿದರೆ ಕಾರು ಮುಂದಿನ ಎಡಗಾಲು ಮಡಚಿ ಮಲಗಿದೆ. ಟೈರು ಪೂರ್ತಿ ಮಡ್‌ಗಾರ್ಡ್ ಒಳಗೆ. ಎಮ್ಮೆ ಮಂಡಿಯೂರಿದ ಹಾಗೆ.

ಏರ್ ಸಸ್ಪೆನ್ಷನ್. ಇದರಲ್ಲಿ ಕಬ್ಬಿಣದ ಸ್ಪ್ರಿಂಗ್ ಇರಲ್ಲ, ರಬ್ಬರ್ ಚೀಲದಲ್ಲಿ ಗಾಳಿ ತುಂಬಿರುತ್ತೆ. ಹತ್ತು ವರ್ಷಕ್ಕೆ ರಬ್ಬರ್ ಮಡಿಕೆಯಲ್ಲಿ ಬಿರುಕು ಬಿಡುತ್ತೆ. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗಾಳಿ ತುಂಬಿ ಮೇಲೆತ್ತಿತು, ಅರ್ಧ ಗಂಟೆಗೆ ಮತ್ತೆ ಕೂತಿತು. ಬೆಂಗಳೂರಿನ ಕಂಪನಿ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ, ಟೋ ಮಾಡಿ ತನ್ನಿ, ಸ್ಕ್ಯಾನ್ ಮಾಡದೆ ಏನೂ ಹೇಳಲ್ಲ ಅಂದರು. ನಮ್ಮೂರ ಪಂಕ್ಚರ್ ಅಂಗಡಿ ಹುಡುಗ ಬಂದ. ಬಕೆಟ್‌ಗೆ ಸರ್ಫ್ ಕಲಸಿ, ಚಕ್ರದ ಸಂದಿಗೆ ಕೈ ಹಾಕಿ ನೊರೆ ಎರಚಿ ಮೊಬೈಲ್ ಟಾರ್ಚ್ ಬಿಟ್ಟ. ಚೀಲದ ಕೆಳಗಿನ ಮಡಿಕೆಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಎದ್ದವು. "ಅಣ್ಣ, ಸೈಕಲ್ ಟ್ಯೂಬ್ ಥರಾನೇ, ಆದ್ರೆ ಇದಕ್ಕೆ ಪ್ಯಾಚ್ ನಿಲ್ಲಲ್ಲ" ಅಂದ. ಐವತ್ತು ರೂಪಾಯಿ ಕೊಟ್ಟೆ. ಈ ಕಾರಿಗೆ ನಾನು ಮಾಡಿಸಿದ್ದರಲ್ಲಿ ಅತಿ ಅಗ್ಗದ ಕೆಲಸ ಅದೇ.

ನಿಜವಾದ ಪೆಟ್ಟು ಕಂಪ್ರೆಸರ್‌ದು. ಚೀಲ ಸೋರುತ್ತಾ ಇದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತೆ. ನನ್ನದು ಆಗಲೇ ಅರ್ಧ ಸತ್ತಿತ್ತು. ಮುಂದಿನ ಎರಡೂ ಸ್ಟ್ರಟ್, ಅಂದರೆ ಗಾಳಿ ಚೀಲ ಕೂತಿರುವ ಕಂಬ, ರೀಬಿಲ್ಡ್ ಮಾಡಿದ್ದು, 1 ಲಕ್ಷ 30 ಸಾವಿರ. ಕಂಪ್ರೆಸರ್ 62 ಸಾವಿರ. ರಿಲೇ, ಕೂಲಿ ಸೇರಿ 18 ಸಾವಿರ. ಒಟ್ಟು 2 ಲಕ್ಷ 10 ಸಾವಿರ. ಜುಲೈ ರೇಟಿನಲ್ಲಾದರೆ 105 ಬಾಕ್ಸ್ ಟೊಮೆಟೊ. ಆದರೆ ನಾನು ದುಡ್ಡು ಕಟ್ಟುವ ಹೊತ್ತಿಗೆ ಮಂಡಿಯಲ್ಲಿ ಬಾಕ್ಸ್ 150ಕ್ಕೆ ಬಂದಿತ್ತು. ಆ ಲೆಕ್ಕದಲ್ಲಿ 1,400 ಬಾಕ್ಸ್. ಅಪ್ಪ ಈ ಲೆಕ್ಕವನ್ನು ಬಾಯಲ್ಲೇ ಹಾಕಿ ಹೇಳಿದರು.

ಅದಾದ ಮೇಲೆ ಹೊಗೆ. ಎಪಿಎಂಸಿ ಗೇಟಿನ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡು ಹತ್ತು ನಿಮಿಷ ಎಂಜಿನ್ ಆನ್ ಇಟ್ಟುಕೊಂಡೇ ನಿಂತಿದ್ದೆ. ದಾರಿ ಬಿಟ್ಟರು ಅಂತ ಆಕ್ಸಿಲರೇಟರ್ ಒತ್ತಿದರೆ ಹಿಂದೆ ನೀಲಿ ಮೋಡ, ಆಟೋದವನು ಕೆಮ್ಮುತ್ತಾ ನನ್ನ ಅಜ್ಜನನ್ನೆಲ್ಲ ನೆನೆಸಿಕೊಂಡ. ಎಂಜಿನ್ ಹೋಯಿತು ಅಂದುಕೊಂಡೆ. ಇಲ್ಲಿ ಒಂದು ಸೂಕ್ಷ್ಮ ಇದೆ. ತುಂಬ ಹೊತ್ತು ನಿಂತು ಹೊರಟಾಗ ಮಾತ್ರ ನೀಲಿ ಹೊಗೆ ಬಂದು ಆಮೇಲೆ ತಿಳಿಯಾದರೆ, ಸಾಮಾನ್ಯವಾಗಿ ಅದು ವಾಲ್ವ್ ಸೀಲ್, ವಾಲ್ವ್ ಕಡ್ಡಿಯ ಪಕ್ಕದಿಂದ ಆಯಿಲ್ ಇಳಿಯದ ಹಾಗೆ ತಡೆಯುವ ಪುಟ್ಟ ರಬ್ಬರ್ ಟೋಪಿ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ, ಒಳಗೆ ಹೀರುವ ಎಳೆತ ಜಾಸ್ತಿ, ಗಟ್ಟಿಯಾದ ಸೀಲಿನ ಪಕ್ಕದಿಂದ ಆಯಿಲ್ ಕೆಳಗಿಳಿಯುತ್ತೆ, ಹೊರಟಾಗ ಉರಿಯುತ್ತೆ. ಏರು ಹತ್ತುವಾಗ, ಜೋರಾಗಿ ಓಡಿಸುವಾಗ ಬಿಡದೆ ಹೊಗೆ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ ಕಡೆ ಅನುಮಾನ ಪಡಬೇಕು.

ಸೀಲ್ ಗಟ್ಟಿಯಾಗಲು ಕಾರಣ ಬಿಸಿ. ನನ್ನ ಗಾಡಿಯ ಎಂಜಿನ್‌ನಲ್ಲಿ ಟರ್ಬೊ ಎರಡನ್ನೂ ವಿ ಅಕ್ಷರದ ನಡುವಿನ ಗುಂಡಿಯಲ್ಲಿ ಕೂರಿಸಿದ್ದಾರೆ. ಗಾಳಿ ಕೂಡಲೇ ಸಿಕ್ಕಿ ಎಳೆತ ಚೆನ್ನಾಗಿ ಬರುತ್ತೆ, ನಿಜ. ಆದರೆ ಸುತ್ತ ಇರುವ ರಬ್ಬರ್, ಪ್ಲಾಸ್ಟಿಕ್ ಎಲ್ಲ ಒಲೆ ಪಕ್ಕ ಇಟ್ಟ ಹಾಗೆ ಬೇಯುತ್ತೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಮತ್ತು ಕೂಲೆಂಟ್ ಪೈಪು ಅದಕ್ಕೂ ಮೊದಲೇ ಹೋಗಿದ್ದವು, 84 ಸಾವಿರ. ಪೈಪನ್ನು ಮೆಕ್ಯಾನಿಕ್ ಕೈಯಲ್ಲಿ ಹಿಡಿದು ಅಮುಕಿದರೆ ಹಪ್ಪಳದ ಹಾಗೆ ಮುರಿಯಿತು.

ವಾಲ್ವ್ ಸೀಲ್‌ಗೆ ಕಂಪನಿಯ ಸರ್ವಿಸ್‌ನವರು ಕೊಟ್ಟ ಎಸ್ಟಿಮೇಟ್ 6 ಲಕ್ಷದ ಮೇಲೆ, ಎಂಜಿನ್ ಇಳಿಸಬೇಕಂತೆ. ಬೆಂಗಳೂರಿನಲ್ಲೇ ಬರೀ ಜರ್ಮನ್ ಗಾಡಿ ಮಾಡುವ ಒಬ್ಬ ಭಾಯ್ ಸಿಕ್ಕಿದರು. ಹೆಡ್, ಅಂದರೆ ವಾಲ್ವ್‌ಗಳು ಕೂತಿರುವ ಎಂಜಿನ್ನಿನ ಮೇಲ್ಭಾಗ, ಬಿಚ್ಚದೆ, ಸ್ಪಾರ್ಕ್ ಪ್ಲಗ್ ತೂತಿನಿಂದ ಸಿಲಿಂಡರ್‌ಗೆ ಗಾಳಿ ತುಂಬಿ, ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು, ಒಂದೊಂದೇ ಸೀಲ್ ಬದಲಾಯಿಸುವ ಟೂಲ್ ಅವರ ಹತ್ತಿರ ಇತ್ತು. ಎಂಟು ಸಿಲಿಂಡರ್, ಸಿಲಿಂಡರ್‌ಗೆ ನಾಲ್ಕು ವಾಲ್ವ್, 32 ಸೀಲ್. ಒಂದೊಂದೂ ಕಿರುಬೆರಳ ಉಗುರಿನಷ್ಟು. ಹನ್ನೊಂದು ದಿನ ಹಿಡಿಯಿತು, 2 ಲಕ್ಷ 90 ಸಾವಿರ. ಸಾಮಾನಿಗಿಂತ ಕೂಲಿಯೇ ಜಾಸ್ತಿ, ಆದರೆ ಆ ಕೂಲಿಗೆ ನನ್ನ ತಕರಾರಿಲ್ಲ. ಬಗ್ಗಿಕೊಂಡು ಮಾಡುವುದನ್ನು ಒಂದು ಮಧ್ಯಾಹ್ನ ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಉಳಿದದ್ದು ಬೇಗ ಹೇಳುತ್ತೇನೆ. ನಾಲ್ಕು ಟೈರು 1 ಲಕ್ಷ 72 ಸಾವಿರ. ತಗೊಳ್ಳುವಾಗ ಗ್ರಿಪ್ ಚೆನ್ನಾಗಿದೆ ಅಂತ ಖುಷಿಪಟ್ಟಿದ್ದೆ, ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ನೋಡಿರಲಿಲ್ಲ. 3516 ಅಂದರೆ 2016ರ 35ನೇ ವಾರ. ಏಳು ವರ್ಷದ ರಬ್ಬರ್. ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್ 1 ಲಕ್ಷ 5 ಸಾವಿರ. ಬ್ಯಾಟರಿ 28 ಸಾವಿರ, ಅದನ್ನು ಸುಮ್ನೆ ಬಿಚ್ಚಿ ಹಾಕಿದರೆ ಆಗಲ್ಲ, ಹೊಸದು ಹಾಕಿದ್ದೀವಿ ಅಂತ ಸ್ಕ್ಯಾನರ್‌ನಲ್ಲಿ ಗಾಡಿಗೆ ತಿಳಿಸಬೇಕು. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಅಂತ ಎಷ್ಟೋ ಜನ ಹೇಳುತ್ತಾರೆ, ಯಾರ ಜೀವಮಾನವೋ ಗೊತ್ತಿಲ್ಲ. ಗೇರ್‌ಬಾಕ್ಸ್ ಮಾಡುವ ಜೆಡ್‌ಎಫ್‌ನವರೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಾಯಿಸಿ ಅನ್ನುತ್ತಾರೆ. ನಾನು ಮೊದಲೇ ಮಾಡಿಸಿದೆ, ಫಿಲ್ಟರ್ ಕೂತಿರುವ ಪ್ಲಾಸ್ಟಿಕ್ ತಟ್ಟೆ ಸಮೇತ 41 ಸಾವಿರ. ಎಂಜಿನ್ ಆಯಿಲ್ ನಾಲ್ಕು ಸಲ, 15 ಸಾವಿರದಂತೆ 60 ಸಾವಿರ. ಇದರ ನಡುವೆ ಶೆಡ್ಡಿನಲ್ಲಿ ಟೊಮೆಟೊ ಬಾಕ್ಸ್ ಪಕ್ಕ ನಿಲ್ಲಿಸಿದ್ದಕ್ಕೆ ಇಲಿ ವೈರ್ ಕಡಿದು 19 ಸಾವಿರ. ಈ ಒಂದು ಖರ್ಚಿಗೆ ಜರ್ಮನಿಯವರನ್ನು ಬೈಯುವ ಹಾಗಿಲ್ಲ.

ಎರಡು ವರ್ಷಕ್ಕೆ ಒಟ್ಟು 10 ಲಕ್ಷ 9 ಸಾವಿರ. ಪೆಟ್ರೋಲ್, ಇನ್ಶೂರೆನ್ಸ್ ಬೇರೆ. ಕಾರಿನ ಬೆಲೆ ಐದರಲ್ಲಿ ಒಂದು ಪಾಲಿಗೆ ಇಳಿದಿರಬಹುದು, ಡಿಸ್ಕ್ ಪ್ಲೇಟಿಗೆ ಅದು ಗೊತ್ತಿಲ್ಲ, ಅದು ಇನ್ನೂ ಕೋಟಿ ಕಾರಿನ ಡಿಸ್ಕ್ ಪ್ಲೇಟೇ. ಈಗ ಯಾರಾದರೂ ಕೇಳಿದರೆ, ಕೊಂಡ ಬೆಲೆಯ ಅರ್ಧದಷ್ಟು ಪಕ್ಕಕ್ಕಿಟ್ಟುಕೊಂಡು ಆಮೇಲೆ ಕಾರು ನೋಡೋಕೆ ಹೋಗಿ ಅನ್ನುತ್ತೇನೆ. ಹೋದಾಗ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ನೋಡಬೇಕು, ನಾಲ್ಕೂ ಕಡೆ ಒಂದೇ ಎತ್ತರ ಇದೆಯಾ ಅಂತ. ಮಾಲೀಕರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಕಾಫಿ ಕುಡಿದು ವಾಪಸ್ ಬನ್ನಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಹದಿನೈದು ನಿಮಿಷ ಐಡಲ್ ಬಿಟ್ಟು, ಆಮೇಲೆ ಒಬ್ಬರನ್ನು ಹಿಂದೆ ನಿಲ್ಲಿಸಿ ಆಕ್ಸಿಲರೇಟರ್ ಒತ್ತಬೇಕು. ಪಾರ್ಟ್ಸ್ ವಿಷಯದಲ್ಲೂ ಅಷ್ಟೇ, ಕಾರು ಕಂಪನಿಯ ಡಬ್ಬದಲ್ಲಿ ಬರುವ ಎಷ್ಟೋ ಸಾಮಾನು ಬಾಷ್, ಮಾಹ್ಲೆ ಥರದವರು ಮಾಡಿದ್ದು. ಅವರ ಡಬ್ಬದಲ್ಲೇ ತಗೊಂಡರೆ ಬೆಲೆ ಎಷ್ಟೋ ಕಮ್ಮಿ.

ಮಾರಿಬಿಡು ಅಂತ ಮನೆಯಲ್ಲಿ ದಿನಾ ಹೇಳುತ್ತಾರೆ. ಮಾರಲ್ಲ. ಸೀಲ್ ಹಾಕಿಸಿದ ಮೇಲೆ ಎಂಜಿನ್ ಸದ್ದು ಎಷ್ಟು ಚೆನ್ನಾಗಿದೆ ಅಂದರೆ, ಅಪ್ಪ ಕೂಡ ಒಂದು ದಿನ ಮುಳಬಾಗಿಲಿಗೆ ಇದರಲ್ಲೇ ಹೋಗೋಣ ಅಂದರು, ಹತ್ತಿ ಕೂತು ಸೀಟಿನ ಬಟನ್‌ಗಳನ್ನೆಲ್ಲ ಒತ್ತಿ ನೋಡಿದರು. ದಿನಾ ಬೆಳಿಗ್ಗೆ ಟೇಪ್ ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಇವತ್ತು ಹಿಂದಿನ ಬಲಗಡೆ ಒಂದೂವರೆ ಬೆರಳು ಕಮ್ಮಿ ಬಂತು. ಪಂಕ್ಚರ್ ಅಂಗಡಿ ಹುಡುಗನಿಗೆ ಫೋನ್ ಮಾಡಿದ್ದೇನೆ, ಬಕೆಟ್ ತಗೊಂಡು ಬರ್ತೀನಿ ಅಂದಿದ್ದಾನೆ.